ಒಂದು ಗೆಣ್ಣಿನ ಆಳ

"ಇಷ್ಟೇ ಕಣೇ! ಉಗುರಿನ ತುದಿ ಮುಳುಗಿದ್ರೆ ಸಾಕು. ನಿನಗೆ ಎಷ್ಟು ಸಲ ಹೇಳ್ಬೇಕು?"

ಟೈಲರ್ ಹುಡುಗಿಯ ಹಿತ್ತಲಿಗೆ ಕಾಲಿಟ್ಟ ಸೊಪ್ಪಕ್ಕ ಅಲ್ಲೇ ನಿಂತುಬಿಟ್ಟಳು.

ಬೇಲಿಯಣ್ಣ ಮಣ್ಣಲ್ಲಿ ಮಂಡಿಯೂರಿ ಕುಳಿತಿದ್ದ. ಟೈಲರ್ ಹುಡುಗಿಯ ತೋರುಬೆರಳು ಅವನ ಕೈಯಲ್ಲಿತ್ತು! ಇಬ್ಬರೂ ನಗುತ್ತಿದ್ದರು.

ಬೆರಳು ಹಿಡಿದದ್ದನ್ನಾದರೂ ಸೊಪ್ಪಕ್ಕ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಆ 'ಕಣೇ'... ಆ 'ನಿನಗೆ'...!

ತನ್ನ ಜೊತೆ ಇಷ್ಟು ದಿನ ಕೆಲಸ ಮಾಡಿದರೂ ಅವನ ಬಾಯಲ್ಲಿ 'ನೀವು, ಬನ್ನಿ, ಹೋಗಿ' ಬಿಟ್ಟರೆ ಬೇರೆ ಮಾತೇ ಬಂದಿರಲಿಲ್ಲ.

ಒಂದು ಸಂಸ್ಥೆಯ ಪರವಾಗಿ ಮನೆಮನೆಯ ಹಿತ್ತಲಲ್ಲಿ ಸೊಪ್ಪು ತರಕಾರಿ ಬೆಳೆಯಲು ಹೇಳಿಕೊಡುವುದು ಅವಳ ಕೆಲಸ. ಹಾಗಾಗಿ ಊರಿಗೆಲ್ಲ ಅವಳು ಸೊಪ್ಪಕ್ಕ. ಅದೇ ಸಂಸ್ಥೆಯಿಂದ ಆ ತೋಟಗಳಿಗೆ ಬೇಲಿ ಕಟ್ಟುವ ಇವನು ಬೇಲಿಯಣ್ಣ. ಮೊದಲ ದಿನವೇ ಇಬ್ಬರಿಗೂ ಜಗಳ. ಅವನ ಬೇಲಿಯಲ್ಲಿ ಮೇಕೆ ನುಸುಳಿ ಸಸಿಗಳನ್ನೆಲ್ಲ ಮೇಯ್ದಿತ್ತು. "ಇದು ಬೇಲಿನಾ, ಬಾಗಿಲಾ?" ಎಂದು ಅವಳು ಕೂಗಾಡಿದ್ದಳು. ಅವನು ತುಟಿ ಪಿಟಕ್ಕೆನ್ನದೆ ಸಂಜೆಯವರೆಗೂ ಕೂತು ಮತ್ತೆ ಕಟ್ಟಿದ್ದ. ಬೈದವಳು ಅಂದೇ ಮನಸ್ಸು ಕೊಟ್ಟುಬಿಟ್ಟಿದ್ದಳು. ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

'ಬೇಲಿ ಕಟ್ಟಿ ಮುಗಿದ ಮನೆಯಲ್ಲಿ ಇವನಿಗೇನು ದಿನಾ ಕೆಲಸ? ಈಗ ಗೊತ್ತಾಯಿತು!'

"ಅಯ್ಯೋ, ನೀವಾ? ಬನ್ನಿ..." ಅವನು ತಡಬಡಿಸಿ ಎದ್ದ.

ಬನ್ನಿಯಂತೆ, ಬನ್ನಿ! ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಬೇಲಿಯೇ ಎದ್ದು ಹೊಲ ಮೇಯ್ತು ಅಂತಾರಲ್ಲ, ಇವತ್ತು ಕಣ್ಣಾರೆ ನೋಡ್ದೆ."

"ಏನ್ ಮಾತಾಡ್ತಿದ್ದೀರಾ?"

"ನಾಳೆನೇ ಆಫೀಸಿಗೆ ಹೇಳ್ತೀನಿ. ನಿಮ್ಮನ್ನ ಬೇರೆ ಊರಿಗೆ ಹಾಕ್ಲಿ!"

"ನಿಮ್ಮಿಷ್ಟ" ಎಂದು ಹಾರೆ ಎತ್ತಿಕೊಂಡು ನಡೆದೇಬಿಟ್ಟ.

'ಒಂದು ಸಲ ಇಲ್ಲ ಅನ್ನಬಾರದಿತ್ತಾ? ಹಾಗಾದರೆ ನಿಜವೇ!' ಅವಳ ಕಣ್ಣು ತುಂಬಿ ಬಂತು.

ಟೈಲರ್ ಹುಡುಗಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಆಯ್ತಾ ಅಕ್ಕಾ, ಇನ್ನೂ ಇದೆಯಾ? ಬೀಜ ಕೊಟ್ಟಾಗ ನೀವೇನಂದ್ರಿ? 'ಬೆರಳಿನ ಒಂದು ಗೆಣ್ಣು ಆಳ ಹಾಕು' ಅಂದ್ರಿ. ಹಾಕ್ದೆ. ಎಲ್ಲ ಬೀಜಾನೂ!"

"ಎಲ್ಲಾನೂ?! ನಾನು ಹೇಳಿದ್ದು ಬೀನ್ಸ್ ಬೀಜಕ್ಕೆ ಕಣೇ! ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಅಷ್ಟು ಆಳ ಹೂತ್ರೆ ಹುಟ್ಟುತ್ತಾ?"

"ನನಗೇನ್ ಗೊತ್ತು? ಎರಡು ಸಲ ಹಾಕಿದ್ರೂ ಒಂದೆಲೆ ಬರ್ಲಿಲ್ಲ. ತಂಗಿಗೆ ರಕ್ತ ಕಡಿಮೆ, ಸೊಪ್ಪು ತಿನ್ಸಿ ಅಂದಿದ್ರು ಡಾಕ್ಟ್ರು. ಅವಳು ದಿನಾ ಬಂದು ಬರೀ ಮಣ್ಣು ನೋಡ್ಕೊಂಡು ಹೋಗ್ತಿದ್ಳು. ಸಿಟ್ಟು ಬಂತು. ತೋಟಾನೂ ಬೇಡ, ಸೊಪ್ಪಕ್ಕಾನೂ ಬೇಡ ಅಂದೆ. ಇವನು ಬಂದು ಕಾಲು ಹಿಡಿಯೋದೊಂದು ಬಾಕಿ! 'ಅವರಿಗೆ ಗೊತ್ತಾದ್ರೆ ಅತ್ತುಬಿಡ್ತಾರೆ, ನಾನೇ ಮತ್ತೆ ಹಾಕಿಸ್ತೀನಿ' ಅಂದ."

ಸೊಪ್ಪಕ್ಕನಿಗೆ ನಾಚಿಕೆಯಾಯಿತು. ಆದರೂ ಹೊಟ್ಟೆಯುರಿ ಪೂರ್ತಿ ಆರಿರಲಿಲ್ಲ.

"ಮತ್ತೆ... ನಿನ್ನ 'ಕಣೇ' ಅಂತಾನಲ್ಲ?"

ಹುಡುಗಿ ಹಣೆ ಚಚ್ಚಿಕೊಂಡಳು. "ಮೂಗು ಸುರಿಸ್ಕೊಂಡು ಒಂದೇ ಶಾಲೆಗೆ ಹೋದೋರು ನಾವು! ಇನ್ನೇನು 'ಮೇಡಂ' ಅಂತಾನಾ? ಮೊದ್ಲು ಓಡಕ್ಕಾ!"

ಅವನು ರಸ್ತೆಯ ತಿರುವಿನಲ್ಲಿ ಸೈಕಲ್ಲಿಗೆ ಬೇಲಿಯ ಬಿದಿರು ಗಳ ಕಟ್ಟುತ್ತಿದ್ದ.

"ನನ್ನ ತಪ್ಪನ್ನ ನನಗೇ ಯಾಕೆ ಹೇಳ್ಲಿಲ್ಲ?" ಅವಳು ಏದುಸಿರಲ್ಲೇ ಕೇಳಿದಳು. "ಇನ್ನೊಂದು ಮನೇಲೂ ಹಾಗೇ ಹೇಳಿರ್ತಿದ್ದೆ. ಇನ್ನೊಂದು ಮಗು ಬರೀ ಮಣ್ಣು ನೋಡ್ತಿತ್ತು!"

"ತಪ್ಪಾಯ್ತು. ನಿಮ್ಮ ಕಣ್ಣಲ್ಲಿ ನೀರು ನೋಡೋಕೆ ನನ್ನ ಕೈಲಾಗಲ್ಲ."

"ಈಗ ಬರ್ಸಿದ್ದು ಯಾರು ಮತ್ತೆ? ಅವಳಿಗೆ ನೀನು... ನನಗೆ ಮಾತ್ರ ನೀವು! ಅಷ್ಟು ದೂರದವಳಾ ನಾನು?"

ಅವನು ಹಗ್ಗ ಕೆಳಗಿಟ್ಟ. "ನಿಮ್ಮನ್ನ ನೀನು ಅಂದ್ರೆ ಬಾಯಿ ಅಲ್ಲಿಗೇ ನಿಲ್ಲಲ್ಲ. ಮನಸ್ಸಲ್ಲಿರೋದೆಲ್ಲ ಹೊರಗೆ ಬಂದ್ಬಿಡುತ್ತೆ ಅಂತ ಭಯ..."

"ಬರ್ಲಿ!"

ಅವನು ಅವಳ ಹತ್ತಿರ ಬಂದ. ಆಮೇಲೆ ಮೆಲ್ಲಗೆ ಕೇಳಿದ.

"ನನ್ನ ಬೇರೆ ಊರಿಗೆ ಹಾಕಿಸ್ತೀಯಾ?"

"ಏನಂದ್ರಿ?!"

"ಹಾಕಿಸ್ತೀರಾ ಅಂದೆ..."

"ಸುಳ್ಳು! ಮೊದ್ಲು ಅಂದಿದ್ದನ್ನೇ ಹೇಳಿ."

ಅವನ ಕಿವಿಗಳು ಕೆಂಪಾದವು. "ಹಾಕಿಸ್ತೀಯಾ?"

ಅವಳು ಮಣ್ಣು ಮೆತ್ತಿದ ಅವನ ಬೆರಳನ್ನು ಹಿಡಿದುಕೊಂಡಳು.

"ಇಲ್ಲ ಕಣೋ. ಇಲ್ಲೇ ಇರು."