ಚಾರ್ಜಿಗಿಟ್ಟ ಮೊಬೈಲು

ಸ್ಕ್ರೂಡ್ರೈವರಿನ ಮೊನೆ ನನ್ನ ಗಂಟಲಿಗೆ ಒತ್ತಿತು.

"ಅಲುಗಾಡುದ್ರೆ ಚುಚ್ಬುಡ್ತೀನಿ ಕಣ್ಲಾ!" ಅಂದ ರಂಗರಾಜು.

ಕೊಳ್ಳೇಗಾಲ ಬಸ್ ಸ್ಟ್ಯಾಂಡ್ ಪಕ್ಕದ ಅವನ ಮೊಬೈಲ್ ಅಂಗಡಿ. ಹಾಡಹಗಲು ಮೂರು ಗಂಟೆ. ಶಟರ್ ಅರ್ಧ ಇಳಿದಿತ್ತು. ನನ್ನ ಒಂದು ಕೈ ಮೇಲೆ, ಇನ್ನೊಂದು ಜೇಬಿನಲ್ಲಿ.

ನಾಲ್ಕಕ್ಕೆ ಶಾಗ್ಯದ ಶಿವಶಂಕರನನ್ನು ಕೋರ್ಟಿಗೆ ಹಾಜರು ಮಾಡುತ್ತಿದ್ದರು. ಕೊಲೆ ಕೇಸು! ಫಾರೆಸ್ಟ್ ವಾಚರ್ ಕೇತಯ್ಯನಿಗೆ, ಸಾಕ್ಷಿ ಹೇಳಿದರೆ ಸಾಯುತ್ತೀಯ ಎಂದು ಕಾಲ್ ಹೋಗಿದ್ದು ಶಿವಶಂಕರನ ನಂಬರಿನಿಂದ. ಮರುದಿನ ಕೇತಯ್ಯ ಹೆಣವಾಗಿದ್ದ.

ಬೆಳಗ್ಗೆ ಶಿವಶಂಕರನ ಹೆಂಡತಿ ದೀಪ ಸ್ಟೇಷನ್ನಿಗೆ ಬಂದು, ಪೇದೆಯಾದ ನನ್ನ ಮುಂದೆ ಅತ್ತಿದ್ದಳು.

"ಆವತ್ತು ಮೊಬೈಲು ಮನೇಲೇ ಇತ್ತು ಮಾದಪ್ಪಣ್ಣ! ಅದ್ಕೂ ಮುಂಚೆ ವೋದ ವಾರ ಚಾರ್ಜ್‌ಗೆ ಅಂಗಡೀಲಿ ಮಡಗಿದ್ದು ಬುಟ್ರೆ ಯಾರ್ಗೂ ಕೊಟ್ಟಿಲ್ಲ."

ಅಂಗಡಿ ಅಂದರೆ ರಂಗರಾಜುವಿನದೇ. ಹಳ್ಳಿಗಳಲ್ಲಿ ಕರೆಂಟ್ ಇರುವುದೇ ಕಡಿಮೆ. ಬೆಳಗ್ಗೆ ಬಸ್ಸಿಳಿದವರು ಮೊಬೈಲನ್ನು ರಂಗರಾಜುವಿಗೆ ಕೊಟ್ಟು ಸಂಜೆ ಒಯ್ಯುತ್ತಾರೆ. ನಾನೂ ಕೊಟ್ಟಿದ್ದೇನೆ.

ಕೇಳಿ... ಟವರ್ ಯಾರನ್ನೂ ಸುಮ್ಮನೆ ನಂಬುವುದಿಲ್ಲ. ಸಿಮ್ಮಿಗೆ ಒಂದು ಲೆಕ್ಕ ಕೊಡುತ್ತದೆ. ಸಿಮ್ ತನ್ನೊಳಗಿನ ಗುಟ್ಟಿನ ಕೀಲಿಯಿಂದ ಉತ್ತರ ಹೇಳಬೇಕು. ಕೀಲಿ ಮಾತ್ರ ಹೊರಗೆ ಬರುವುದಿಲ್ಲ. ಆದರೆ ಹಳೇ ಸಿಮ್ಮನ್ನು ಕಂಪ್ಯೂಟರಿಗೆ ಸಿಕ್ಕಿಸಿ ಗಂಟೆಗಟ್ಟಲೆ ಲೆಕ್ಕ ಕೇಳಿದರೆ ಕೀಲಿ ಬಯಲಾಗುತ್ತದೆ. ಅದನ್ನು ಖಾಲಿ ಕಾರ್ಡಿಗೆ ತುಂಬಿದರೆ ಅವಳಿ ಸಿಮ್! ಟವರಿಗೆ ಇಬ್ಬರೂ ಶಿವಶಂಕರರೇ.

"ಕೇತಯ್ಯ ನಿನ್ನ ಕಳ್ಳಗಂಧದ ಲಾರಿ ನೋಡ್ಬುಟ್ಟಿದ್ದ, ಅಲ್ವೇನ್ಲಾ?" ಎಂದು ರಂಗರಾಜುವನ್ನು ಕೇಳಿದೆ.

"ಪ್ರೂಫ್ ಎಲ್ಲದೆ?"

ಜೇಬಿನೊಳಗೇ ಹಸಿರು ಬಟನ್ ಒತ್ತಿದೆ. ಶಿವಶಂಕರನ ನಂಬರ್ ಮೊದಲೇ ಹೊಡೆದಿಟ್ಟಿದ್ದೆ.

ಒಂದು ಕ್ಷಣ... ಎರಡು...

ಕೌಂಟರ್ ಕೆಳಗೆ ಮೊಬೈಲ್ ಬಡಿದುಕೊಂಡಿತು!

ರಂಗರಾಜು ಅತ್ತ ತಿರುಗಿದ. ಮೊಣಕೈಯಿಂದ ಮೂಗಿಗೆ ಕೊಟ್ಟೆ. ಶಟರ್ ಮೇಲೆದ್ದಿತು. ಹೊರಗೆ ಕಾದಿದ್ದ ಇನ್ಸ್‌ಪೆಕ್ಟರ್ ಸದಾಶಿವಪ್ಪ ಒಳಗೆ ನುಗ್ಗಿದರು. ಅವರ ಕೈಯಲ್ಲಿ ಸೀಲ್ ಮಾಡಿದ ಕವರ್, ಅದರೊಳಗೆ ಶಿವಶಂಕರನ ಅಸಲಿ ಸಿಮ್.

"ಸಿಮ್ ಇಲ್ಲಿ, ರಿಂಗ್ ಅಲ್ಲಿ! ಬಿಟ್ಟಿ ಕಾಲ್ ಆಸೆಗೆ ಕಾರ್ಡ್ ಎಸೀಲಿಲ್ಲ ಅಲ್ವೇನಯ್ಯಾ?" ಎಂದರು.

ಶಿವಶಂಕರ ಮನೆಗೆ ಹೋದ. ಕೇತಯ್ಯನ ಹೆಂಡತಿ ಬೊಮ್ಮಿ ಇನ್ನೂ ಸ್ಟೇಷನ್ ಮೆಟ್ಟಿಲ ಮೇಲೇ ಕೂತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

"ಇನ್ನೆಷ್ಟು ಸಿಮ್ ಮಾಡಿ ಮಾರಿದ್ದೀಯಲಾ?" ಎಂದು ರಂಗರಾಜುವನ್ನು ಕೇಳಿದೆ.

ರಕ್ತ ಒರೆಸಿಕೊಂಡು ನಕ್ಕ. "ನೀವೂ ಮಡಗಿದ್ರಲ್ಲ ಸಾ... ಚಾರ್ಜ್‌ಗೆ."

ನನ್ನ ಮೊಬೈಲ್ ಆಫ್ ಮಾಡಿದೆ. ಅವಳಿ ಸಿಮ್ ಇದ್ದರೆ ಟವರ್ ಅದನ್ನು ಹಿಡಿಯಲಿ ಎಂದು ಅರ್ಧ ಗಂಟೆ ಕಾದೆ. ಎಸ್‌ಟಿಡಿ ಬೂತಿನಿಂದ ನನ್ನದೇ ನಂಬರ್ ಒತ್ತಿದೆ.

ರಿಂಗ್ ಆಯಿತು!

"ಅಲೋ, ಯಾರ್ ಬೇಕಾಗಿತ್ತು?" ಎಂದಿತು ಗುರುತಿಲ್ಲದ ದನಿ.

"ದೊಡ್ಡಮಾದಪ್ಪ," ಎಂದು ನನ್ನದೇ ಹೆಸರು ಹೇಳಿದೆ.

"ನಾನೇ ಕಣ್ರಿ, ಏನ್ ಇಸ್ಯ ಏಳಿ!"