ನೀಲಿ ಹಾಕಿದ ಬಟ್ಟೆ

ಕಾಲುವೆ ನೀರಲ್ಲಿ ಒಗೆದ ದೊಡ್ಡ ಬಿಳಿ ಬಟ್ಟೆಯನ್ನು ಯಮನೂರಮ್ಮ ಬೇಲಿಯ ಮೇಲೆ ಹರವುತ್ತಿದ್ದಳು. ಸಾಲಗುಂದದ ಹಾದಿಯಿಂದ ಸೈಕಲ್ಲೊಂದು ಧಡಧಡ ಬಂದು ನಿಂತಿತು.

“ಅಯ್ಯೋ! ಹೊಲದಾಗ ಹಾಸಿದ್ದ ಬಟ್ಟಿ ಯಾಕ ತೆಗದ್ರಿ? ಅತ್ಲಾಗ ಕರಿ ಬಟ್ಟಿ ಹಾಸಿ ಬರೂದ್ರಾಗ...!”

“ನಮ್ಮ ಎಮ್ಮಿ ತುಳದಿತ್ತು ರೀ. ಪಾಪ, ಯಾರದೋ ಅಂತ ಒಗದೀನಿ. ನೀಲಿನೂ ಹಾಕೀನಿ, ನೋಡ್ರಿ ಹೆಂಗ ಹೊಳೀತೈತಿ!”

ಅವನು ತಲೆಯ ಮೇಲೆ ಕೈ ಹೊತ್ತು ಕುಳಿತ. ಅಷ್ಟರಲ್ಲಿ ಭತ್ತದ ಗದ್ದೆಗಳ ಮೇಲೆ ಸಣ್ಣ ವಿಮಾನವೊಂದು ಗುಂಯ್‌ಗುಟ್ಟುತ್ತಾ ಹಾದುಹೋಯಿತು.

ಅವನು ದುರುಗಪ್ಪ. ಮುದಗಲ್ಲಿನವನು. ಹೈದರಾಬಾದಿನಲ್ಲಿ ವಿಮಾನಕ್ಕೆ ಕಟ್ಟುವ ಹೊಸ ಕ್ಯಾಮೆರಾ ತಯಾರಿಸುವ ಕೆಲಸ.

“ಅದಕ್ಕ ನಾಕು ಕಣ್ಣು ರೀ. ಒಂದೊಂದು ಕಣ್ಣು ಒಂದೊಂದು ಬಣ್ಣ ನೋಡತೈತಿ. ಸರಿ ನೋಡ್ಯಾವೋ ಇಲ್ಲೋ ಅಂತ ಈ ಬಿಳಿ, ಕರಿ ಬಟ್ಟಿ ನೋಡಿ ತಿಳಕೋಬೇಕು. ನೀಲಿ ಹಾಕಿದ್ರ ಅಳತಿನ ತಪ್ಪತೈತಿ!”

“ನನಗೇನ್ ಗೊತ್ತು ರೀ...” ಅವಳ ಕಣ್ಣು ತುಂಬಿ ಬಂತು.

ಅವನ ಸಿಟ್ಟು ಅಲ್ಲೇ ಇಳಿಯಿತು. “ಇರಲಿ ಬಿಡ್ರಿ. ಇನ್ನೊಂದು ಸಲ ಹಾರಿಸ್ತಾರ.”

ವಿಮಾನ ಮತ್ತೆ ಬರುವವರೆಗೆ ಕೆಲವು ದಿನ ಅವನು ಆ ಊರಲ್ಲೇ ಉಳಿದ. ಯಮನೂರಮ್ಮ ಎಮ್ಮೆ ಕಟ್ಟಿಹಾಕಿ, ಅವನು ತಂದು ಹಾಸಿದ ಹೊಸ ಬಟ್ಟೆಗೆ ತಾನೇ ಕಾವಲು ನಿಂತಳು. ಮಗಳು ಜೋಗಮ್ಮ ಅವನ ಸೈಕಲ್ ಗಂಟೆ ಬಾರಿಸಿದ್ದೇ ಬಾರಿಸಿದ್ದು!

“ಎಲಿ ಹಸರ ಕಂಡ್ರೂ ಒಳಗ ಸೊರಗಿದ್ರ, ಕ್ಯಾಮೆರಾದ ಒಂದು ಕಣ್ಣಿಗೆ ಗೊತ್ತಾಗ್ತೈತಿ,” ಎಂದ ಅವನು.

“ಮನಷ್ಯಾರು ಸೊರಗಿದ್ರ?” ಯಮನೂರಮ್ಮ ಕೇಳಿದಳು.

“ಅದಕ್ಕ ಕ್ಯಾಮೆರಾ ಬ್ಯಾಡ್ರಿ.”

ಅವಳು ಮುಖ ತಿರುಗಿಸಿದಳು. ‘ಗಂಡನ್ನ ಕಳಕೊಂಡಾಕಿ ನಾನು... ಇವನ ಮಾತಿಗೆ ಎದಿ ಯಾಕ ಹಿಂಗ ಹೊಡಕೊಳ್ತೈತಿ?’

ಅತ್ತೆ ಗ್ಯಾನಮ್ಮ ಎಲ್ಲ ಗಮನಿಸಿದ್ದಳು. ಗಂಡ ತೀರಿದವಳಿಗೆ ಹೊಸ ಸೀರೆ ಉಡಿಸಿ ಮಾಡುವ ಉಡಿಕೆ ಮದುವೆ ಅವರಲ್ಲಿತ್ತು.

“ಸೀರಿ ತರಾಂವ ಬಂದ್ರ ನಾನ ಮುಂದ ನಿಂತು ಉಡಿಕಿ ಮಾಡ್ತೀನಿ ಬೇ.”

“ಸುಮ್ನಿರ್ರಿ ಅತ್ತಿ, ಹುಡುಗಿ ಕೇಳಾಕತ್ತಾಳ!”

ಏನೋ ಕೇಳಲು ಜೋಗಮ್ಮ ಬಾಯಿ ತೆರೆದಳು. ಅವ್ವನ ಕಣ್ಣು ನೋಡಿ ಮುಚ್ಚಿಕೊಂಡಳು.

ವಿಮಾನ ಬಂತು, ಹೋಯಿತು. ಬಟ್ಟೆ ಮಡಚಿಕೊಂಡು ದುರುಗಪ್ಪನೂ ಹೊರಟ. “ಬರ್ತೀನಿ” ಅಂದ, ಅಷ್ಟೇ.

‘ಕೆಲಸ ಮುಗೀತು... ಇನ್ನ ಯಾಕ ಬರ್ತಾನ?’

ಸುಗ್ಗಿ ಮುಗಿದ ಮೇಲೆ, ಅವಳು ಅಂಗಳ ಸಾರಿಸುತ್ತಿದ್ದಾಗ ಅದೇ ಸೈಕಲ್ ಗಂಟೆ! ಅವನ ಕೈಯಲ್ಲೊಂದು ಗಂಟು.

“ಮತ್ತ ವಿಮಾನ ಬರ್ತೈತೇನು? ಕೊಡ್ರಿ, ಹಾಸ್ತೀನಿ. ಈ ಸಲ ನೀಲಿ ಹಾಕಂಗಿಲ್ಲ.” ಅವಳ ದನಿ ಬಿರುಸಾಗಿತ್ತು.

“ಇದು ಹೊಲದಾಗ ಹಾಸೂದಲ್ಲ ರೀ...”

ಗಂಟು ಬಿಚ್ಚಿದ. ಹಸಿರು ಇಳಕಲ್ ಸೀರೆ!

“ನಿಮ್ಮ ನೀಲಿಲೆ ಕ್ಯಾಮೆರಾದ ಅಳತಿ ತಪ್ಪಿತು. ನನ್ನ ನಸೀಬ ಸರಿ ಆತು. ಆದ್ರ... ನೀವು ಹೂಂ ಅಂದ್ರ ಮಾತ್ರ.”

ಬಾಗಿಲಲ್ಲಿ ಗ್ಯಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಮನೂರಮ್ಮ ಸಗಣಿ ಕೈ ತೊಳೆದುಕೊಂಡು, ಒರೆಸಿಕೊಂಡು, ಮೆಲ್ಲಗೆ ಸೀರೆಯ ಅಂಚು ಮುಟ್ಟಿದಳು.

ಇಷ್ಟು ದಿನ ತಡೆದುಕೊಂಡಿದ್ದ ಜೋಗಮ್ಮನಿಗೆ ಇನ್ನು ತಡೆಯಲಾಗಲಿಲ್ಲ.

“ಅವ್ವಾ, ಉಡಿಕಿ ಸೀರಿ ಅಂದ್ರ ಇದೇನಾ? ...ಉಟ್ಕೊಂತಿಯೇನು?”