ಆಷಾಢದಲ್ಲಿ ಬಂದ ತಾಮ್ರದಾನೆಗಳು

ಬಹಳ ಬಹಳ ಹಿಂದೆ, ಲೋಹಕ್ಕೂ ಉಸಿರಿದ್ದ ಕಾಲದಲ್ಲಿ, ಅರಳೆಪಟ್ಟಣ ಎಂಬ ರಾಜ್ಯವಿತ್ತು. ಅಲ್ಲಿ ಎತ್ತ ನೋಡಿದರೂ ಹತ್ತಿ. ಅಟ್ಟದಲ್ಲಿ ಹತ್ತಿ, ಅಂಗಳದಲ್ಲಿ ಹತ್ತಿ, ಊಟಕ್ಕೆ ಕೂತರೆ ಸಾರಿನಲ್ಲೂ ಎರಡು ಎಳೆ ಹತ್ತಿ. ಊರಿನ ಉತ್ತರಕ್ಕಿದ್ದ ಬೋಳುಗುಡ್ಡದ ಮೇಲೆ ಉರಿಮಲ್ಲನೆಂಬ ಮಾಂತ್ರಿಕನಿದ್ದ. ಅವನು ಕೆಂಡದ ಕಾಗೆಗಳನ್ನು ಸಾಕಿದ್ದ. ಆ ಕಾಗೆ ಕೂತ ಸೂರು ಹೊತ್ತಿಕೊಳ್ಳುತ್ತಿತ್ತು. ಯಾರದಾದರೂ ಮನೆ ಉರಿಯುವುದನ್ನು ನೋಡದಿದ್ದರೆ ಉರಿಮಲ್ಲನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

ಇದಕ್ಕೆಂದೇ ದೊರೆಯ ಮುತ್ತಜ್ಜ ಮೂರು ತಾಮ್ರದಾನೆಗಳನ್ನು ಮಾಡಿಸಿದ್ದ. ಬೆಂಕಿ ಬಿದ್ದಾಗ ಲಾಯದವರು ಕೂಗಿದರೆ ಸಾಕು, ಅವು ಎದ್ದು, ಕೆರೆಯ ನೀರು ಹೀರಿ, ಉರಿಯುವ ಮನೆಗೆ ಓಡಿಹೋಗಿ ಸುರಿಯುತ್ತಿದ್ದವು. ಆದರೆ ಅದು ಮುತ್ತಜ್ಜನ ಕಾಲದ ಮಾತು. ಈಗ ಒಂದಾನೆಗೆ ಮಂಡಿ ಹಿಡಿದು ಏಳಲಾಗುತ್ತಿರಲಿಲ್ಲ. ಇನ್ನೊಂದರ ಹೊಟ್ಟೆ ಒಡೆದು ಒಳಗೆ ಗುಬ್ಬಚ್ಚಿ ಗೂಡು ಕಟ್ಟಿದ್ದವು. ಮೂರನೆಯದು ಗೌರಿ. ಅದು ಹೇಗೋ ಓಡುತ್ತಿತ್ತು, ಆದರೆ ಸೊಂಡಿಲ ತುಂಬ ತೂತು. ಬೆಂಕಿಯ ಹತ್ತಿರ ಹೋಗುವಷ್ಟರಲ್ಲಿ ಅರ್ಧ ನೀರು ಬೀದಿಗೇ ಸುರಿದುಹೋಗುತ್ತಿತ್ತು.

ಆನೆಗಳ ಲಾಯ ನೋಡಿಕೊಳ್ಳುತ್ತಿದ್ದವಳು ಚೌಡವ್ವ. ಅವಳ ಅಜ್ಜ, ಅಪ್ಪ ಇಬ್ಬರೂ ಅದೇ ಕೆಲಸ ಮಾಡಿ ಸತ್ತವರು. ಅರಮನೆಯ ಅಪ್ಪಣೆ ಎಂದರೆ ಆ ಮನೆತನಕ್ಕೆ ದೇವರ ಮಾತು. ಗೌರಿಯ ತೂತುಗಳಿಗೆ ಮೇಣ ಮೆತ್ತಿ ಮೆತ್ತಿ ಅವಳ ಬೆರಳ ಚರ್ಮ ಸುಲಿದಿತ್ತು.

ಹೊಸ ಆನೆ ಬೇಕೆಂದು ಅವಳು ಮೂರು ಸಲ ಮಂತ್ರಿಯ ಮುಂದೆ ಕೈಮುಗಿದಳು. ಮೊದಲ ಸಲ ಮಂತ್ರಿ, "ಹುಣಸೆಹಣ್ಣು ಹಚ್ಚಿ ಉಜ್ಜು, ಹೊಸದರ ಹಾಗೇ ಕಾಣುತ್ತವೆ" ಎಂದ. ಎರಡನೆಯ ಸಲ, "ಬರುವ ವರ್ಷ ನೋಡೋಣ" ಎಂದ. ಮೂರನೆಯ ಸಲ ಸಿಟ್ಟಿಗೆದ್ದು, "ಅಷ್ಟು ಬೇಕಿದ್ದರೆ ಮಡುವಿನಜ್ಜಿಯ ಹತ್ತಿರ ಹೋಗಿ ನೀನೇ ತಾ" ಎಂದ. ತಾಮ್ರದಾನೆಗಳು ಮಲಗಿದ ದೂರದ ಮಡುವೊಂದನ್ನು ಕಾಯುವವಳು ಮಡುವಿನಜ್ಜಿ; ಅವಳ ಬಳಿಗೆ ಹೋದವರು ಯಾರೂ ತಿರುಗಿ ಬಂದಿರಲಿಲ್ಲ. ಪೀಡೆ ತೊಲಗಲಿ ಎಂದೇ ಅವನು ಹಾಗೆ ಹೇಳಿದ್ದು.

ಚೌಡವ್ವನ ಗಂಡ ಬೊಮ್ಮಣ್ಣ ಹಿಂಜುವವರ ಓಣಿಯಲ್ಲಿ ಹತ್ತಿ ಹಿಂಜುತ್ತಿದ್ದ. ಅವನು ರೊಟ್ಟಿ ಬುತ್ತಿ ಕಟ್ಟಿಕೊಟ್ಟು ನಕ್ಕ.

"ಅಂತೂ ಅಪ್ಪಣಿ ಆತಲ್ಲ, ಹೊಂಡು. ಸೀನೂದಿದ್ರೂ ಅರಮನಿಗೆ ಹೋಗಿ ಕೇಳಿ ಬರಾಕಿ ನೀನು."

"ನಗಬ್ಯಾಡ್ರಿ. ನಿಮ್ಮ ಓಣಿಗೆ ಇರೂದು ಒಂದ ಬಾಯಿ. ಅಲ್ಲಿ ಕಾಗಿ ಕುಂತ್ರ ನಿಮಗ ಹೊರಗ ಬರಾಕ ದಾರಿ ಇಲ್ಲ. ಅದನ್ನ ನೆನಸಿದ್ರ ನನಗ ನಿದ್ದಿ ಹತ್ತೂದಿಲ್ಲ."

"ಹೋಗಿ ಬಾ. ನಾ ಎಲ್ಲಿಗೂ ಹೋಗೂದಿಲ್ಲ."

ಚೌಡವ್ವ ಏಳು ಹಗಲು ನಡೆದಳು. ದಾರಿಗೆ ಅಡ್ಡವಾಗಿ ಉಪ್ಪಿನ ಸಿಂಹ ಮಲಗಿತ್ತು. ಅದು ನೆಕ್ಕಿದವರು ಒಣಗಿ ಸೌದೆಯಾಗುತ್ತಿದ್ದರು. ಅದು ನಾಲಿಗೆ ಚಾಚಿದಾಗ ಚೌಡವ್ವ ತನ್ನ ಕುಡಿಯುವ ನೀರಿನ ತಂಬಿಗೆಯನ್ನೇ ಅದರ ತಲೆಯ ಮೇಲೆ ಬೋರಲು ಹಾಕಿದಳು. ಸಿಂಹ ಕರಗಿ ಮಣ್ಣಿಗೆ ಇಳಿಯಿತು. ಮುಂದೆ ಮೂರು ದಿನ ಅವಳ ಬಾಯಿಗೆ ಹನಿ ನೀರು ಬೀಳಲಿಲ್ಲ.

ಆಮೇಲೆ ಕೆಂಡದ ಕಾಗೆಗಳ ಕಣಿವೆ ಬಂತು. ತಲೆಯ ಮೇಲೆಲ್ಲ ಕಿಡಿ. ಅವಳು ಜೌಗಿನಲ್ಲಿ ಹೊರಳಾಡಿ, ಮೈಗೆಲ್ಲ ಕೆಸರು ಮೆತ್ತಿಕೊಂಡು, ಎಮ್ಮೆಯ ಹಾಗೆ ನಿಧಾನವಾಗಿ ನಡೆದು ದಾಟಿದಳು. ಕೂದಲು ಅರ್ಧ ಸುಟ್ಟಿತು, ಜೀವ ಉಳಿಯಿತು.

ಕೊನೆಗೆ ಮಡು ಸಿಕ್ಕಿತು. ಮಡುವಿನಜ್ಜಿ ನೀರಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. "ತಳದಾಗ ಮೂರು ಆನಿ ಮಲಗ್ಯಾವು. ಎಬ್ಬಿಸಿದ್ರ ನಿನ್ನವು. ಸುಳ್ಳಾಡಿದ್ರ ನೀನೂ ತಳಕ್ಕ" ಎಂದಳು.

ಚೌಡವ್ವ ಬಾಯಿ ತೆರೆದಳು. ಅಪ್ಪನಿಂದ ಕಲಿತ ಕೂಗು, "ಏಳ್ರವ್ವ, ಊರು ಉರಿತೈತಿ" ಎಂಬುದು, ನಾಲಿಗೆಯ ತುದಿಗೆ ಬಂತು. ಆದರೆ ಊರು ಉರಿಯುತ್ತಿತ್ತೋ ಇಲ್ಲವೋ ಅವಳಿಗೇನು ಗೊತ್ತು? ಅವಳು ತಡೆದು, "ಏಳ್ರವ್ವ. ಇವತ್ತು ಉರಿತೈತೋ ಇಲ್ಲೋ, ನಾ ಕಾಣೆ. ನನ್ನ ಗಂಡ ಹತ್ತಿ ನಡುವ ಅದಾನ. ನನಗ ಅಂಜಿಕಿ ಆಗೈತಿ" ಎಂದಳು. ನೀರು ಕುದಿಯಿತು. ಮೂರು ತಾಮ್ರದಾನೆಗಳು, ಒಂದು ಚುಕ್ಕೆ ಕಿಲುಬೂ ಇಲ್ಲದವು, ಕಿವಿ ಬಡಿಯುತ್ತ ಮೇಲೆದ್ದು ಬಂದವು. ಚೌಡವ್ವ ಅವುಗಳ ಕಾಲು ತಬ್ಬಿಕೊಂಡು ಅತ್ತಳು.

ಅವಳು ಊರಿಗೆ ಬಂದದ್ದು ಆಷಾಢದ ಎರಡನೆಯ ದಿನ. ಜನ ಕುಣಿದರು. ಮಂತ್ರಿ ಮಾತ್ರ ಹುಬ್ಬು ಗಂಟಿಕ್ಕಿದ.

"ಆಷಾಢದಲ್ಲಿ ಹೊಸದನ್ನು ಶುರುಮಾಡುವುದುಂಟೇ? ಶ್ರಾವಣ ಬರಲಿ. ಮೊದಲ ನೀರು ದೊರೆಗೆ, ಮರೆತೆಯಾ?"

ಹೌದು, ಅದು ಆ ರಾಜ್ಯದ ಪದ್ಧತಿ. ಹೊಸ ಬಾವಿಯ ಮೊದಲ ಕೊಡ, ಹೊಸ ಕಾಲುವೆಯ ಮೊದಲ ಬೊಗಸೆ, ಎಲ್ಲವೂ ದೊರೆಯ ತಲೆಯ ಮೇಲೆ ಬೀಳಬೇಕು. ಆಮೇಲೆ ಉಳಿದವರಿಗೆ.

"ಅಲ್ಲೀತನಕ ಬೆಂಕಿ ಬಿದ್ರ, ಧಣ್ಯಾರ?"

"ಹಳೆಯವು ಇವೆಯಲ್ಲ."

ಹೊಸ ಆನೆಗಳ ಮೇಲೆ ರೇಷ್ಮೆ ಹೊದಿಸಿ, ಅರಮನೆಯ ಹಿಂದಿನ ಅಂಗಳದಲ್ಲಿ ನಿಲ್ಲಿಸಿ, ಬೀಗ ಜಡಿದರು. ನಾಲ್ಕು ದಿನ ಕಳೆಯಿತು. ಕಂಚುಗಾರರು ಬಂದು ಹಳೆಯ ಆನೆಗಳನ್ನು ಕಡಿಯತೊಡಗಿದರು. ಶ್ರಾವಣದಲ್ಲಿ ದೊರೆ ಕೂತು ಮೀಯುವುದಕ್ಕೆ ಒಂದು ದೊಡ್ಡ ಕೊಪ್ಪರಿಗೆ ಬೇಕಾಗಿತ್ತಂತೆ, ತಾಮ್ರ ಸಾಲಲಿಲ್ಲವಂತೆ. ಚೌಡವ್ವ ಮಂತ್ರಿಯ ಬಳಿಗೆ ಓಡಿದಳು.

"ಗೌರಿ ಇನ್ನೂ ಓಡ್ತಾಳ್ರಿ! ಅಕಿನ್ನ ಬಿಡ್ರಿ!"

"ಹೊಸವು ಬಂದಿವೆಯಲ್ಲ" ಎಂದ ಮಂತ್ರಿ. ಅದೇ ಮಂತ್ರಿ, ಅದೇ ಬಾಯಿ.

ಆಷಾಢದ ಹದಿನೆಂಟನೆಯ ದಿನ, ನಡುಮಧ್ಯಾಹ್ನ, ಗಾಳಿ ರಪರಪ ಬೀಸುತ್ತಿದ್ದಾಗ, ಕೆಂಡದ ಕಾಗೆಯೊಂದು ಹಾರಿಬಂದು ಹಿಂಜುವವರ ಓಣಿಯ ಬಾಯಲ್ಲಿ ಕೂತಿತು.

ಚೌಡವ್ವ ಅರಮನೆಗೆ ಓಡಿದಳು. ಸಿಂಹವನ್ನು ಕರಗಿಸಿದವಳು, ಕಣಿವೆ ದಾಟಿದವಳು, ಮಡುವಿನ ತಳದಿಂದ ಆನೆ ಎಬ್ಬಿಸಿದವಳು. ಅವಳಿಗೆ ಈಗ ಮೂರು ಬಾಗಿಲು ಎದುರಾದವು.

ಮೊದಲ ಬಾಗಿಲಲ್ಲಿ ಕಾವಲುಗಾರ, "ಬೀಗದ ಕೈ ಮಂತ್ರಿಗಳ ಸೊಂಟದಾಗೈತಿ ತಂಗಿ, ನಾ ಏನ್ ಮಾಡ್ಲಿ?" ಎಂದ. ಎರಡನೆಯ ಬಾಗಿಲಲ್ಲಿ ಮಂತ್ರಿ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡು, "ದೊರೆಯ ಬಾಯಿಂದ ಒಂದು ಮಾತು ಬರಲಿ, ಈಗಲೇ ತೆಗೆಯುತ್ತೇನೆ" ಎಂದ. ಮೂರನೆಯ ಬಾಗಿಲಲ್ಲಿ ಬೀಸಣಿಗೆಯವಳು ತುಟಿಗೆ ಬೆರಳಿಟ್ಟು, "ಶ್, ಈಗಷ್ಟ ಉಂಡು ಮಲಗ್ಯಾರ" ಎಂದಳು. ಚೌಡವ್ವ ಅಲ್ಲಿ ನಿಂತು ಕಾದಳು. ಮೂರು ತಲೆಮಾರಿನ ಅಪ್ಪಣೆಯ ಭಾರ ಅವಳ ಬೆನ್ನ ಮೇಲಿತ್ತು. ದೊರೆಯ ಗೊರಕೆ ಕೇಳುತ್ತಿತ್ತು. ಕಿಟಕಿಯಿಂದ ಸುಟ್ಟ ಹತ್ತಿಯ ವಾಸನೆ ಬಂತು.

ಆಗ ಅವಳಿಗೆ ತಡೆಯಲಾಗಲಿಲ್ಲ. ಹಿಂದಿನ ಅಂಗಳಕ್ಕೆ ಓಡಿ, ಗೋಡೆಗೆ ಬಾಯಿಟ್ಟು ಕೂಗಿದಳು. "ಏಳ್ರವ್ವ! ಊರು ಉರಿತೈತಿ!"

ಒಂದೇ ಕೂಗು. ಆನೆಗಳು ರೇಷ್ಮೆ ಹರಿದು, ಗೋಡೆ ಒಡೆದು, ಕೆರೆಗೆ ನುಗ್ಗಿ, ಓಣಿಗೆ ಓಡಿದವು. ಅವು ಸುರಿದ ನೀರಿಗೆ ಬೆಂಕಿ ಚಟಾರನೆ ಆರಿತು. ಉರಿ ನೋಡಿ ಖುಷಿಪಡಲು ಗುಡ್ಡ ಇಳಿದು ಬಂದಿದ್ದ ಉರಿಮಲ್ಲ ಬೀದಿಯ ತಿರುವಿನಲ್ಲೇ ಸಿಕ್ಕ. ಮೂರು ಸೊಂಡಿಲೂ ಅವನತ್ತ ತಿರುಗಿದವು. ಅವನು ಚುಸ್ ಎಂದು ಆರಿ ಇದ್ದಿಲಾದ. ಆಕಾಶದ ಕಾಗೆಗಳೆಲ್ಲ ಮಸಿಯಾಗಿ ಉದುರಿದವು. ಅಷ್ಟು ಸುಲಭವಿತ್ತು ನೋಡಿ.

ಓಣಿಯ ತುದಿಯಲ್ಲಿ ಮೂವತ್ತೊಂದು ಮಂದಿ ಸುಟ್ಟುಹೋಗಿದ್ದರು. ಬೊಮ್ಮಣ್ಣನನ್ನು ಚೌಡವ್ವ ಕಾಲಿನ ಕಡಗ ನೋಡಿ ಗುರುತು ಹಿಡಿದಳು.

ಓಣಿಯ ಹಿಂದಿನ ಗೋಡೆಯಾಚೆ ಇದ್ದವರು ಅವಳಿಗೆ ಹೇಳಬಾರದಿತ್ತು, ಆದರೂ ಹೇಳಿದರು. ಓಣಿಯವರು ಆ ಗೋಡೆ ಒಡೆದು ಹೊರಬರಲು ಹೊರಟಿದ್ದರಂತೆ. ಬೊಮ್ಮಣ್ಣನೇ ತಡೆದನಂತೆ. "ಗಾಬರಿ ಆಗಬ್ಯಾಡ್ರಿ. ಮೂರು ಹೊಸ ಆನಿ ಅದಾವು. ನಮ್ಮಾಕಿ ಈಗ ತರ್ತಾಳ" ಎಂದನಂತೆ.

ಚೌಡವ್ವನಿಗೆ ಮಂತ್ರಿಯ ಮೇಲೆ, ದೊರೆಯ ಮೇಲೆ ಬೆಂಕಿಯಂಥ ಸಿಟ್ಟು ಬಂತು. ಎಲ್ಲಕ್ಕಿಂತ ಹೆಚ್ಚು ಸಿಟ್ಟು ತನ್ನ ಮೇಲೇ ಬಂತು. ಬೀಗ ಅವಳನ್ನು ತಡೆದಿರಲಿಲ್ಲ. ಅರಮನೆಯ ಗೋಡೆಯೂ ತಡೆದಿರಲಿಲ್ಲ. ಒಂದು ಕೂಗಿಗೆ ಎಲ್ಲ ಮುಗಿಯುತ್ತಿತ್ತು. ಅವಳು ಅರಮನೆಗೆ ಹೋಗಿ ಅಪ್ಪಣೆ ಕೇಳಿದ್ದಳು.

ಶ್ರಾವಣ ಬಂತು. ಒಳ್ಳೆಯ ಮುಹೂರ್ತ ಬಂತು. ದೊರೆ ಕೊಪ್ಪರಿಗೆಯಲ್ಲಿ ಕೂತ. ಆನೆಗಳ ಮೊದಲ ನೀರು ಓಣಿಗೂ ಉರಿಮಲ್ಲನಿಗೂ ಹೋಗಿದ್ದರಿಂದ, ಅದು ಲೆಕ್ಕಕ್ಕಿಲ್ಲವೆಂದು ಮೊದಲೇ ಶಾಂತಿ ಮಾಡಿಸಿದ್ದರು. ಚೌಡವ್ವ ಸನ್ನೆ ಮಾಡಿದಳು, ಆನೆಗಳು ಸುರಿದವು, ಜನ ಜಯಕಾರ ಹಾಕಿದರು. ತೋಯ್ದು ತೊಪ್ಪೆಯಾದ ದೊರೆ ನಗುತ್ತ, "ಏನು ಬೇಕು ಕೇಳು, ಚೌಡವ್ವ" ಎಂದ.

"ಏನೂ ಬ್ಯಾಡ, ಧಣ್ಯಾರ. ಹಿಂಗ, ಹಸಿ ಅರಿವ್ಯಾಗ, ನಮ್ಮ ಓಣಿತನಕ ಬರ್ರಿ. ಒಂದ ಸಲ ನೋಡ್ರಿ."

ದೊರೆ ಮಂತ್ರಿಯ ಮುಖ ನೋಡಿದ. ಮಂತ್ರಿ ಕಿವಿಯಲ್ಲಿ ಏನೋ ಹೇಳಿದ. ಮಂಗಳಸ್ನಾನ ಮಾಡಿ ಸಾವಿನ ಜಾಗಕ್ಕೆ ಹೋಗುವುದು ರಾಜ್ಯಕ್ಕೆ ಒಳ್ಳೆಯದಲ್ಲವಂತೆ. ದೊರೆ ಮೈ ಒರೆಸಿಕೊಂಡು ಒಳಗೆ ಹೋದ.

ಉರಿಮಲ್ಲ ಸತ್ತ, ಕಾಗೆ ಸತ್ತವು, ಊರಿಗೆ ಹೊಸ ಆನೆ ಬಂದವು. ಅರಳೆಪಟ್ಟಣದಲ್ಲಿ ಉಳಿದವರೆಲ್ಲ ಬಹಳ ಕಾಲ ಸುಖವಾಗಿ ಬಾಳಿದರು.